ಅಡ್ಡಗೆರೆಯಿಂದ ಅಕ್ಷರಕ್ಕೆ: ಗ್ಲಾಸ್ ಮಾಡಿದ ಕನ್ನಡ ದತ್ತಾಂಶದ ಪರೀಕ್ಷೆಗೆ ಕಿರು ಲಿಸ್ಪ್ ಫಂಕ್ಷನ್‌ಗಳು

ಸಾರಾಂಶ

ಆಕೃತಿಮಾ ಮಟ್ಟದಲ್ಲಿ ವಿಭಜಿಸಿ ಗ್ಲಾಸ್ ಮಾಡಿದ ಕನ್ನಡ ಉದಾಹರಣೆಗಳನ್ನು ಪಠ್ಯ ಸಂಪಾದಕದೊಳಗೇ ಪರೀಕ್ಷಿಸಬಲ್ಲ ಎರಡು ಚಿಕ್ಕ ಲಿಸ್ಪ್ ಫಂಕ್ಷನ್‌ಗಳನ್ನು ಪ್ರಸ್ತುತ ಲೇಖನ ವಿವರಿಸುತ್ತದೆ. ಮೊದಲನೆಯದು ಉದಾಹರಣೆಯ ಸಾಲಿನಲ್ಲಿಯೂ ಗ್ಲಾಸ್ ಸಾಲಿನಲ್ಲಿಯೂ ಇರುವ ಆಕೃತಿಮಾಗಳನ್ನು ಎಣಿಸಿ ತಾಳೆ ನೋಡುತ್ತದೆ. ಎರಡನೆಯದು ವಿಭಜಿತ ರೂಪದಿಂದ ಬರಹದ ರೂಪವನ್ನು ಮತ್ತೆ ಕಟ್ಟುತ್ತದೆ. ಈ ಫಂಕ್ಷನ್‌ಗಳು ಶ್ರಮವನ್ನು ಉಳಿಸುತ್ತವೆ ಎಂಬುದಕ್ಕಿಂತ, ಅವು ಸೋಲುವ ಕಡೆಗಳಲ್ಲಿ ನಮ್ಮ ವಿಶ್ಲೇಷಣೆಯ ಅನಿಶ್ಚಿತತೆ ಬೆಳಕಿಗೆ ಬರುತ್ತದೆ ಎಂಬುದು ಇಲ್ಲಿನ ಮುಖ್ಯ ವಾದ.

ಕೀಲಿಪದಗಳು: ಲಿಸ್ಪ್, ಈಮ್ಯಾಕ್ಸ್, ಗ್ಲಾಸ್, ಆಕೃತಿಮಾ ವಿಭಜನೆ, ಸಂಧಿ, ಯೂನಿಕೋಡ್

1. ಪ್ರಸ್ತಾವನೆ

ಕ್ಷೇತ್ರಕಾರ್ಯದ ದತ್ತಾಂಶವನ್ನು ಪ್ರಬಂಧಕ್ಕೆ ಸಿದ್ಧಪಡಿಸುವ ಸಂಶೋಧಕರು ಪ್ರತಿಯೊಂದು ಉದಾಹರಣೆಯನ್ನೂ ಸಾಮಾನ್ಯವಾಗಿ ನಾಲ್ಕು ಸಾಲುಗಳಲ್ಲಿ ಬರೆಯುತ್ತಾರೆ: ಮಾತಿನ ಬರಹರೂಪ, ವಿಭಜಿತ ರೂಪ, ಗ್ಲಾಸ್, ಅನುವಾದ. ಬರ್ನಾರ್ಡ್ ಕಾಮ್ರಿ, ಮಾರ್ಟಿನ್ ಹಾಸ್ಪೆಲ್‌ಮಾಥ್ ಮತ್ತು ಬಾಲ್ತಸಾರ್ ಬಿಕೆಲ್ ಅವರು ರೂಪಿಸಿದ ಲೈಪ್‌ಜಿಗ್ ಗ್ಲಾಸಿಂಗ್ ನಿಯಮಗಳು ಈ ಬಗೆಯ ಬರವಣಿಗೆಗೆ ಇಂದು ವ್ಯಾಪಕವಾಗಿ ಒಪ್ಪಿತವಾದ ಚೌಕಟ್ಟಾಗಿವೆ. ಅಲ್ಲಿನ ಎರಡನೆಯ ನಿಯಮದ ಪ್ರಕಾರ ವಿಭಜಿತ ರೂಪದಲ್ಲಿ ಎಷ್ಟು ಅಡ್ಡಗೆರೆಗಳಿವೆಯೋ ಗ್ಲಾಸಿನಲ್ಲಿಯೂ ಅಷ್ಟೇ ಇರಬೇಕು. ನೂರಾರು ಉದಾಹರಣೆಗಳಿರುವ ಕಡತದಲ್ಲಿ ಈ ನಿಯಮ ಎಲ್ಲ ಕಡೆಯೂ ಪಾಲನೆಯಾಗಿದೆಯೇ ಎಂದು ಕಣ್ಣಿನಿಂದ ಪರಿಶೀಲಿಸುವುದು ಬಳಲಿಕೆಯ ಕೆಲಸ. ಬಳಲಿದ ಕಣ್ಣು ತಪ್ಪನ್ನು ದಾಟಿ ಹೋಗುತ್ತದೆ.

ಕನ್ನಡ ಲಿಪಿಯಲ್ಲಿಯೇ ವಿಭಜನೆ ಮಾಡುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಲಿಪಿಯ ಘಟಕ ಅಕ್ಷರ. ಆಕೃತಿಮಾದ ಗಡಿಯಾದರೋ ಅನೇಕ ವೇಳೆ ಅಕ್ಷರದ ನಡುವೆಯೇ ಹಾದುಹೋಗುತ್ತದೆ. ‘ಮಾಡಿದನು’ ಎಂಬ ರೂಪವನ್ನು ‘ಮಾಡ್-ಇದ್-ಅನು’ ಎಂದು ಬಿಡಿಸಿದಾಗ ‘ಡಿ’ ಮತ್ತು ‘ದ’ ಎಂಬ ಎರಡು ಅಕ್ಷರಗಳು ಒಡೆದುಹೋಗುತ್ತವೆ. ಹೀಗೆ ಒಡೆದದ್ದನ್ನು ಮತ್ತೆ ಕೂಡಿಸಿದರೆ ಮೊದಲಿನ ರೂಪವೇ ಬರುತ್ತದೆಯೇ? ಬರುವುದಾದರೆ ವಿಭಜನೆ ಸುಸಂಗತ. ಬಾರದಿದ್ದರೆ ಕೈತಪ್ಪು ನಡೆದಿರಬೇಕು, ಅಥವಾ ನಾವು ಹೇಳದೆ ಬಿಟ್ಟ ಯಾವುದೋ ನಿಯಮ ಅಲ್ಲಿ ಅಡಗಿರಬೇಕು. ಈ ಪರೀಕ್ಷೆಯನ್ನು ಕೆಲವೇ ಸಾಲುಗಳ ಫಂಕ್ಷನ್ನಿನಿಂದ ನಡೆಸಬಹುದು.

2. ಪಟ್ಟಿಯೇ ವಾಕ್ಯವಾದ ಭಾಷೆ

ಲಿಸ್ಪ್ ಭಾಷೆಯನ್ನು ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದರು. ಅದನ್ನು ವಿವರಿಸುವ ಅವರ ಪ್ರಸಿದ್ಧ ಲೇಖನ 1960ರಲ್ಲಿ ಪ್ರಕಟವಾಯಿತು. ಈಮ್ಯಾಕ್ಸ್ ಸಂಪಾದಕವು 1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿತು. ರಿಚರ್ಡ್ ಸ್ಟಾಲ್‌ಮನ್ ಅವರು 1985ರಲ್ಲಿ ಬಿಡುಗಡೆ ಮಾಡಿದ ಗ್ನು ಈಮ್ಯಾಕ್ಸ್‌ನಲ್ಲಿ ಲಿಸ್ಪ್‌ನ ಒಂದು ಪ್ರಭೇದವೇ ಸಂಪಾದಕವನ್ನು ವಿಸ್ತರಿಸುವ ಭಾಷೆಯಾಯಿತು. ಆ ಸಂಪಾದಕದ ಬಹುಭಾಗವೂ ಅದೇ ಭಾಷೆಯಲ್ಲಿದೆ. ಆದ್ದರಿಂದ ಬಳಕೆದಾರರು ಬರೆದ ಫಂಕ್ಷನ್ನಿಗೂ ಸಂಪಾದಕದಲ್ಲಿ ಮೊದಲೇ ಇದ್ದ ಫಂಕ್ಷನ್ನಿಗೂ ಸ್ಥಾನಮಾನದಲ್ಲಿ ಭೇದವಿಲ್ಲ.

ವಾಕ್ಯರಚನೆಯನ್ನು ಆವರಣಗಳಲ್ಲಿ ಗುರುತಿಸುವ ರೂಢಿಯುಳ್ಳ ಭಾಷಾವಿಜ್ಞಾನಿಗಳಿಗೆ ಲಿಸ್ಪ್‌ನ ರೂಪ ಅಪರಿಚಿತವೆನಿಸದು. ಅದರ ಪ್ರತಿಯೊಂದು ಉಕ್ತಿಯೂ ಆವರಣದೊಳಗಿನ ಪಟ್ಟಿ. ಪಟ್ಟಿಯ ಮೊದಲ ಪದ ಫಂಕ್ಷನ್ನಿನ ಹೆಸರು. ಉಳಿದವು ಅದರ ಪೂರಕಗಳು. ಪೂರಕವೂ ಇನ್ನೊಂದು ಪಟ್ಟಿಯಾಗಿರಬಹುದು. ಉದಾಹರಣೆಗೆ:

(+ 3207 56)

ಈ ಪಟ್ಟಿಯ ಮುಚ್ಚುವ ಆವರಣದ ಮುಂದೆ ಕರ್ಸರ್ ನಿಲ್ಲಿಸಿ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿದರೆ ಕೆಳಗಿನ ಪಟ್ಟಿಯಲ್ಲಿ 3263 ಎಂಬ ಉತ್ತರ ಮೂಡುತ್ತದೆ. ಈ ಸಂಖ್ಯೆಗಳನ್ನು ಏಕೆ ಆರಿಸಿಕೊಂಡೆವು ಎಂಬುದು ನಾಲ್ಕನೆಯ ಭಾಗದಲ್ಲಿ ತಿಳಿಯುತ್ತದೆ.

ಒಂದು ಸೂಚನೆ: ಲಿಸ್ಪ್‌ನ ಮೂಲ ಪದಗಳು ಕಡತದಲ್ಲಿ ರೋಮನ್ ಲಿಪಿಯಲ್ಲಿರಬೇಕು, ಇಲ್ಲಿ ಅವುಗಳನ್ನು ಕನ್ನಡಕ್ಕೆ ಲಿಪ್ಯಂತರಿಸಿ ಕೊಟ್ಟಿದ್ದೇವೆ. ನಾವೇ ಇಡುವ ಹೆಸರುಗಳನ್ನು ಮಾತ್ರ ಇಲ್ಲಿರುವಂತೆ ಕನ್ನಡದಲ್ಲಿಯೇ ಇಡಬಹುದು. ಈಮ್ಯಾಕ್ಸ್ ಅವನ್ನು ಸ್ವೀಕರಿಸುತ್ತದೆ.

3. ಮೊದಲ ಫಂಕ್ಷನ್: ಆಕೃತಿಮಾಗಳ ಎಣಿಕೆ

(ಡಿಫನ್ ಆಕೃತಿಮಾ-ಎಣಿಕೆ (ಸಾಲು)
  (ಮ್ಯಾಪ್‌ಕಾರ್
   (ಲ್ಯಾಂಬ್ಡಾ (ಪದ)
     (ಲೆಂತ್ (ಸ್ಪ್ಲಿಟ್-ಸ್ಟ್ರಿಂಗ್ ಪದ "[-=]")))
   (ಸ್ಪ್ಲಿಟ್-ಸ್ಟ್ರಿಂಗ್ ಸಾಲು)))

ಇದನ್ನು ಒಳಗಿನಿಂದ ಹೊರಕ್ಕೆ ಓದಬೇಕು. ಕೊನೆಯ ‘ಸ್ಪ್ಲಿಟ್-ಸ್ಟ್ರಿಂಗ್’ ಸಾಲನ್ನು ಖಾಲಿಜಾಗವಿರುವಲ್ಲಿ ಒಡೆದು ಪದಗಳ ಪಟ್ಟಿಯನ್ನು ಕೊಡುತ್ತದೆ. ‘ಮ್ಯಾಪ್‌ಕಾರ್’ ಆ ಪಟ್ಟಿಯ ಪ್ರತಿ ಪದವನ್ನೂ ನಡುವಿನ ಹೆಸರಿಲ್ಲದ ಫಂಕ್ಷನ್ನಿಗೆ ಒಪ್ಪಿಸುತ್ತದೆ. ಆ ಫಂಕ್ಷನ್ ಪದವನ್ನು ಅಡ್ಡಗೆರೆ ಅಥವಾ ಸಮಚಿಹ್ನೆ ಇರುವಲ್ಲಿ ಒಡೆದು ತುಂಡುಗಳನ್ನು ಎಣಿಸುತ್ತದೆ. ಲೈಪ್‌ಜಿಗ್ ನಿಯಮಗಳಲ್ಲಿ ಸಮಚಿಹ್ನೆ ಕ್ಲಿಟಿಕ್‌ಗಳ ಗಡಿಯನ್ನು ಸೂಚಿಸುತ್ತದೆ. ಫಲಿತಾಂಶ ಸಂಖ್ಯೆಗಳ ಪಟ್ಟಿ. ಈ ಎರಡು ಸಾಲುಗಳನ್ನು ನೋಡೋಣ:

ಹುಡುಗಿ ಮನೆ-ಇಂದ ಬಂದ್-ಅಳು
ಹುಡುಗಿ ಮನೆ-ಪಂಚಮೀ ಬರು-ಭೂತ-3.ಏ.ಸ್ತ್ರೀ

ಮೊದಲ ಸಾಲಿಗೆ (1 2 2) ಎಂದೂ ಎರಡನೆಯದಕ್ಕೆ (1 2 3) ಎಂದೂ ಉತ್ತರ ಬರುತ್ತದೆ. ‘ಈಕ್ವಲ್’ ಎಂಬ ಫಂಕ್ಷನ್ ಈ ಪಟ್ಟಿಗಳನ್ನು ಹೋಲಿಸಿ ‘ಸಮವಲ್ಲ’ ಎನ್ನುತ್ತದೆ. ಇದನ್ನು ಬೆರಳಚ್ಚಿನ ದೋಷವೆಂದು ತಳ್ಳಿಹಾಕುವಂತಿಲ್ಲ. ‘ಬಂದ್’ ಎಂಬುದರಲ್ಲಿ ಧಾತು ಮತ್ತು ಭೂತಕಾಲದ ಪ್ರತ್ಯಯ ಬೇರೆಬೇರೆಯಾಗಿವೆ ಎನ್ನುವುದಾದರೆ ಮೇಲಿನ ಸಾಲಿನಲ್ಲಿ ಗಡಿ ತೋರಿಸಬೇಕು; ಅವು ಬೆಸೆದುಹೋಗಿವೆ ಎನ್ನುವುದಾದರೆ ಗ್ಲಾಸಿನಲ್ಲಿ ‘ಬರು.ಭೂತ’ ಎಂದು ಬಿಂದುವಿನಿಂದ ಬರೆಯಬೇಕು. ಎರಡೂ ಸಮರ್ಥನೀಯ. ಆದರೆ ಒಂದೇ ಪ್ರಬಂಧದಲ್ಲಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಬರೆಯುವುದು ಸಮರ್ಥನೀಯವಲ್ಲ. ಫಂಕ್ಷನ್ ಇಲ್ಲಿ ತೀರ್ಪು ಕೊಡುವುದಿಲ್ಲ. ತೀರ್ಪು ಬಾಕಿಯಿದೆ ಎಂದು ನೆನಪಿಸುತ್ತದೆ.

4. ಎರಡನೆಯ ಫಂಕ್ಷನ್: ಸ್ವರವನ್ನು ಕೂಡಿಸುವುದು

ಯೂನಿಕೋಡ್‌ನಲ್ಲಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆಯಿದೆ. ಕರ್ಸರ್ ನಿಂತ ಚಿಹ್ನೆಯ ಸಂಖ್ಯೆಯನ್ನು ಈಮ್ಯಾಕ್ಸ್ ದಶಮಾನದಲ್ಲಿಯೂ ತೋರಿಸುವುದರಿಂದ ಅದನ್ನೇ ಇಲ್ಲಿ ಬಳಸಿದ್ದೇವೆ. ‘ಇ’ಕಾರದ ಸಂಖ್ಯೆ 3207, ವ್ಯಂಜನಕ್ಕೆ ಹತ್ತುವ ಇಕಾರ ಚಿಹ್ನೆಯ ಸಂಖ್ಯೆ 3263. ವ್ಯತ್ಯಾಸ 56. ‘ಆ’ 3206, ಅದರ ಚಿಹ್ನೆ 3262. ‘ಉ’ 3209, ಚಿಹ್ನೆ 3265. ‘ಎ’ 3214, ಚಿಹ್ನೆ 3270. ‘ಔ’ 3220, ಚಿಹ್ನೆ 3276. ಬಳಕೆಯಲ್ಲಿರುವ ಸ್ವರಗಳಲ್ಲಿ ಅಕಾರವೊಂದನ್ನು ಬಿಟ್ಟು ಎಲ್ಲಕ್ಕೂ ಈ 56ರ ಅಂತರ ಸರಿಹೊಂದುತ್ತದೆ. ಹೀಗಾಗಿ ಗುಣಿತಾಕ್ಷರವನ್ನು ಕಟ್ಟಲು ಕೋಷ್ಟಕವೇ ಬೇಕಿಲ್ಲ, ಒಂದು ಸಂಕಲನ ಸಾಕು:

(ಡಿಫನ್ ಸ್ವರ-ಕೂಡಿಸು (ಪದ)
  (ರಿಪ್ಲೇಸ್-ರೆಜೆಕ್ಸ್‌ಪ್-ಇನ್-ಸ್ಟ್ರಿಂಗ್
   (ಕಾನ್‌ಕ್ಯಾಟ್ (ಸ್ಟ್ರಿಂಗ್ 3277 8204) "?-[ಅ-ಔ]")
   (ಲ್ಯಾಂಬ್ಡಾ (ತುಂಡು)
     (ಲೆಟ್ ((ಸ್ವರ (ಎರೆಫ್ ತುಂಡು (1- (ಲೆಂತ್ ತುಂಡು)))))
       (ಇಫ್ (= ಸ್ವರ 3205) ""
         (ಸ್ಟ್ರಿಂಗ್ (+ ಸ್ವರ 56)))))
   ಪದ))

3277 ವ್ಯಂಜನದ ಅಂತರ್ಗತ ಅಕಾರವನ್ನು ಅಳಿಸುವ ವಿರಾಮ ಚಿಹ್ನೆ. ಅದರ ಮುಂದೆ ಅಡ್ಡಗೆರೆ, ಅದರ ಮುಂದೆ ಸ್ವರ ಬಂದರೆ ಆ ಮೂರೂ ಸೇರಿ ‘ತುಂಡು’ ಎನಿಸುತ್ತವೆ. ತುಂಡಿನ ಕೊನೆಯ ಚಿಹ್ನೆಯೇ ಸ್ವರ. ಅದು ಅಕಾರವಾದರೆ ಇಡೀ ತುಂಡನ್ನು ಅಳಿಸಿದರಾಯಿತು, ವ್ಯಂಜನದ ಅಂತರ್ಗತ ಅಕಾರ ತಾನಾಗಿ ಮರಳುತ್ತದೆ. ಬೇರೆ ಸ್ವರವಾದರೆ 56 ಕೂಡಿಸಿ ಬಂದ ಚಿಹ್ನೆಯನ್ನು ಆ ತುಂಡಿನ ಜಾಗದಲ್ಲಿ ಇಡಬೇಕು. ‘ಮಾಡ್-ಇದ್-ಅನು’ ಎಂದು ಕೊಟ್ಟರೆ ‘ಮಾಡಿದನು’ ಬರುತ್ತದೆ. ವ್ಯಂಜನಕ್ಕೆ ವ್ಯಂಜನ ಎದುರಾದಲ್ಲಿ, ಅಂದರೆ ‘ಕೇಳ್-ದ್-ಅ’ ಮುಂತಾದ ಆಡುರೂಪಗಳಲ್ಲಿ, ಉಳಿದ ಅಡ್ಡಗೆರೆಯನ್ನು ತೆಗೆದರೆ ಸಾಕು. ‘ಕೇಳ್ದ’ ಎಂಬ ಒತ್ತಕ್ಷರವನ್ನು ಲಿಪಿಯೇ ಕಟ್ಟಿಕೊಳ್ಳುತ್ತದೆ.

‘ಇಫ್’ ಎಂಬ ಷರತ್ತನ್ನು ಬರೆಯದೆ ಬಿಟ್ಟರೆ ಏನಾಗುತ್ತದೆ? ನಮ್ಮ ಮೊದಲ ಕರಡಿನಲ್ಲಿ ಆ ಷರತ್ತು ಇರಲಿಲ್ಲ. 3205ಕ್ಕೆ 56 ಕೂಡಿಸಿದರೆ 3261, ಅದು ಅವಗ್ರಹ. ಹೀಗಾಗಿ ಕಡತದ ತುಂಬ ‘ಮಾಡಿದಽನು’ ಎಂಬಂಥ ರೂಪಗಳು ಎದ್ದು ನಿಂತವು. ಅಕಾರಕ್ಕೆ ಸ್ವರಚಿಹ್ನೆಯಿಲ್ಲ ಎಂಬುದು ಒಂದನೆಯ ತರಗತಿಯ ಮಕ್ಕಳಿಗೂ ತಿಳಿದ ವಿಷಯ; ಆದರೆ ತಿಳಿದಿರುವುದೇ ಬೇರೆ, ಅದನ್ನು ನಿಯಮದಲ್ಲಿ ಹೇಳುವುದೇ ಬೇರೆ. ಌಕಾರ (3212) ಕೂಡ ಈ ಲೆಕ್ಕಕ್ಕೆ ಹೊಂದುವುದಿಲ್ಲ: 56 ಕೂಡಿಸಿದರೆ ದೊರೆಯುವುದು ೠಕಾರದ ಚಿಹ್ನೆ. ಹಳೆಯ ಗ್ರಂಥಗಳ ಪಾಠದ ಮೇಲೆ ಕೆಲಸ ಮಾಡುವವರು ಅದಕ್ಕೊಂದು ಪ್ರತ್ಯೇಕ ಷರತ್ತನ್ನು ಸೇರಿಸಿಕೊಳ್ಳಬೇಕು.

5. ಕಣ್ಣಿಗೆ ಕಾಣದ ಭೇದಗಳು

ಮೇಲಿನ ಫಂಕ್ಷನ್ನಿನಲ್ಲಿರುವ 8204 ಎಂಬುದು ಶೂನ್ಯ ಅಗಲದ ಬೆಸುಗೆ-ತಡೆ ಚಿಹ್ನೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಹತ್ತದಂತೆ ತಡೆಯುವುದು ಅದೇ. ಕೆಲವು ಕೀಲಿಮಣೆ ವಿನ್ಯಾಸಗಳಲ್ಲಿ ಬರೆಯುವಾಗ ವಿರಾಮ ಚಿಹ್ನೆಯ ಬೆನ್ನಿಗೇ ಅದು ಸೇರಿಕೊಳ್ಳುತ್ತದೆ. ಅಡ್ಡಗೆರೆಯ ಹಿಂದೆ ಅದು ಇದ್ದರೂ ಇಲ್ಲದಿದ್ದರೂ ಪರದೆಯ ಮೇಲೆ ರೂಪ ಒಂದೇ. ಹುಡುಕಾಟಕ್ಕೆ ಮಾತ್ರ ಅವು ಎರಡು ಬೇರೆ ಪದಗಳು. ಅದಕ್ಕಾಗಿಯೇ ಫಂಕ್ಷನ್ನಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂದಿದ್ದೇವೆ.

ಈ ಎಚ್ಚರಿಕೆ ನಮಗೆ ಬಂದದ್ದು ಹಾನಿಯಿಂದ. ಒಮ್ಮೆ ನಾವು ಈ ಚಿಹ್ನೆಯನ್ನು ಕಸವೆಂದು ಭಾವಿಸಿ ಕಡತದುದ್ದಕ್ಕೂ ಒಂದೇ ಬಾರಿಗೆ ಅಳಿಸಿಬಿಟ್ಟೆವು. ವಿಭಜಿತ ಸಾಲುಗಳೇನೋ ಶುದ್ಧವಾದವು. ಆದರೆ ಬರಹರೂಪದ ಸಾಲುಗಳಲ್ಲಿದ್ದ ಹೆಸರುಗಳೂ ಇಂಗ್ಲಿಷ್ ಪದಗಳೂ ಒತ್ತಕ್ಷರಗಳಾಗಿ ಬೆಸೆದುಹೋದವು. ಕಡತವನ್ನು ಉಳಿಸಿ ಮುಚ್ಚಿದ್ದರಿಂದ ಹಿಂದಿರುಗುವ ದಾರಿ ಇರಲಿಲ್ಲ. ಬೇರೆಡೆ ಇಟ್ಟಿದ್ದ ಹಳೆಯ ಪ್ರತಿಯಿಂದ ಅದನ್ನು ಸರಿಪಡಿಸಿಕೊಂಡೆವು. ಅಂದಿನಿಂದ ಎರಡು ಕಟ್ಟುಪಾಡುಗಳನ್ನು ಪಾಲಿಸುತ್ತಿದ್ದೇವೆ. ಬದಲಾವಣೆ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕು. ಪರೀಕ್ಷಿಸುವ ಫಂಕ್ಷನ್ ದತ್ತಾಂಶವನ್ನು ಮುಟ್ಟಬಾರದು. ಸಾಲಿನ ಸಂಖ್ಯೆಯನ್ನು ವರದಿ ಮಾಡಿ ನಿಲ್ಲಬೇಕು.

ಇನ್ನೊಂದು ಕಾಣದ ಭೇದ ಒಕಾರದ್ದು. ‘ಕೊ’ ಎಂಬುದನ್ನು ಕಕಾರದ ಮುಂದೆ 3274 ಎಂಬ ಒಂದೇ ಚಿಹ್ನೆಯಿಂದಲೂ ಬರೆಯಬಹುದು, 3270 ಮತ್ತು 3266 ಎಂಬ ಎರಡರಿಂದಲೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಘೋಷಿಸಿದೆ. ಆದರೆ ಚಿಹ್ನೆಗಳನ್ನು ಒಂದೊಂದಾಗಿ ಹೋಲಿಸುವ ಫಂಕ್ಷನ್ನಿಗೆ ಅವು ಸಮಾನವಲ್ಲ. ‘ಸ್ವರ-ಕೂಡಿಸು’ ಯಾವಾಗಲೂ ಮೊದಲ ಬಗೆಯದನ್ನೇ ಕಟ್ಟುತ್ತದೆ. ಆದ್ದರಿಂದ ಬರಹರೂಪದೊಂದಿಗೆ ಹೋಲಿಸುವ ಮೊದಲು ಎರಡೂ ಕಡೆಯ ರೂಪಗಳನ್ನು ಈಮ್ಯಾಕ್ಸ್‌ನಲ್ಲಿರುವ ಯೂನಿಕೋಡ್ ಸಾಮಾನ್ಯೀಕರಣದ ಫಂಕ್ಷನ್ನಿನ ಮೂಲಕ ಹಾಯಿಸಬೇಕು. ಇಲ್ಲವಾದರೆ ಇಲ್ಲದ ತಪ್ಪುಗಳು ವರದಿಯಾಗಿ, ಇರುವ ತಪ್ಪುಗಳು ಅವುಗಳ ನಡುವೆ ಮುಚ್ಚಿಹೋಗುತ್ತವೆ.

6. ಫಂಕ್ಷನ್ ಸೋಲುವಲ್ಲಿ

ವಿಭಜಿತ ರೂಪದಿಂದ ಕಟ್ಟಿದ ಪದ ಬರಹರೂಪಕ್ಕೆ ಹೊಂದದಿರುವ ಸಂದರ್ಭಗಳೇ ಭಾಷಾವಿಜ್ಞಾನಿಗೆ ಮುಖ್ಯ. ದ್ವಿತೀಯಾ ವಿಭಕ್ತಿಯನ್ನು ತೆಗೆದುಕೊಳ್ಳೋಣ. ‘ಕಾರ್-ಅನ್ನು’ ಎಂಬುದರಿಂದ ‘ಕಾರನ್ನು’ ಸರಿಯಾಗಿ ಬರುತ್ತದೆ. ‘ಬಸ್-ಅನ್ನು’ ಎಂಬುದರಿಂದ ಮಾತ್ರ ‘ಬಸನ್ನು’ ಎಂಬ ಯಾರೂ ಆಡದ ರೂಪ ಬರುತ್ತದೆ; ಬರಹರೂಪದಲ್ಲಿರುವುದು ‘ಬಸ್ಸನ್ನು’. ‘ಪೆನ್’ ಕೂಡ ‘ಪೆನ್ನನ್ನು’ ಆಗುತ್ತದೆ. ಇದು ಎರವಲು ಪದಗಳ ವಿಶೇಷವೇ? ಹಳಗನ್ನಡದ ವ್ಯಂಜನಾಂತ ಪ್ರಕೃತಿಗಳನ್ನು ಅದೇ ಫಂಕ್ಷನ್ನಿಗೆ ಕೊಟ್ಟರೆ ಉತ್ತರ ಸಿಗುತ್ತದೆ. ‘ಕಾಲ್’, ‘ಊರ್’ ಎಂಬುವು ‘ಕಾಲನ್ನು’, ‘ಊರನ್ನು’ ಎಂದು ಸರಿಯಾಗಿ ಕೂಡುತ್ತವೆ. ‘ಕಣ್’, ‘ಕಲ್’ ಎಂಬುವು ಕೂಡುವುದಿಲ್ಲ, ಏಕೆಂದರೆ ಬೇಕಾದದ್ದು ‘ಕಣ್ಣನ್ನು’, ‘ಕಲ್ಲನ್ನು’. ಹ್ರಸ್ವ ಸ್ವರದ ಏಕಾಕ್ಷರ ನಾಮಪ್ರಕೃತಿಯ ಮುಂದೆ ಸ್ವರ ಬಂದಾಗ ಅಂತ್ಯ ವ್ಯಂಜನ ಇಮ್ಮಡಿಸುತ್ತದೆ ಎಂಬ ಒಂದೇ ನಿಯಮ ದೇಶ್ಯ ಪದಗಳನ್ನೂ ಎರವಲು ಪದಗಳನ್ನೂ ಒಳಗೊಳ್ಳುತ್ತದೆ.

ಈ ನಿಯಮವನ್ನು ಫಂಕ್ಷನ್ನಿಗೆ ಸೇರಿಸಿದ ಕೂಡಲೇ ‘ಬಿಡ್-ಅಲಿ’ ಎಂಬ ಕ್ರಿಯಾರೂಪ ‘ಬಿಡ್ಡಲಿ’ ಎಂದು ಕೆಡುತ್ತದೆ. ಅಂದರೆ ನಿಯಮಕ್ಕೆ ಪದವರ್ಗದ ಮಿತಿಯಿದೆ. ಪದದ ರೂಪವನ್ನಷ್ಟೇ ನೋಡುವ ಫಂಕ್ಷನ್ನಿಗೆ ಪದವರ್ಗ ತಿಳಿಯದು. ಆದರೆ ಅದರ ಕೆಳಗಿನ ಗ್ಲಾಸ್ ಸಾಲಿನಲ್ಲಿ ‘ದ್ವಿತೀಯಾ’ ಎಂದಿದ್ದರೆ ಅದು ನಾಮಪದವೆಂದು ತಿಳಿಯುತ್ತದೆ. ಮೊದಲ ಫಂಕ್ಷನ್ ಆ ಎರಡು ಸಾಲುಗಳನ್ನು ತುಂಡಿಗೆ ತುಂಡು ಹೊಂದಿಸಿರುವುದರಿಂದ ಈ ಮಾಹಿತಿ ಕೈಗೆಟುಕುವಲ್ಲಿಯೇ ಇದೆ. ಧ್ವನಿನಿಯಮವೊಂದು ವ್ಯಾಕರಣದ ಮಾಹಿತಿಯನ್ನು ಬೇಡುತ್ತದೆ ಎಂಬ ವಾದ ಇಲ್ಲಿ ಎರಡು ಸಾಲುಗಳ ಷರತ್ತಾಗಿ ಮೂರ್ತಗೊಳ್ಳುತ್ತದೆ.

ಸ್ವರಕ್ಕೆ ಸ್ವರ ಎದುರಾದಲ್ಲಿ ತೊಡಕು ಹೆಚ್ಚು. ‘ಮನೆ-ಅನ್ನು’ ಎಂಬಲ್ಲಿ ಯಕಾರ ಆಗಮವಾಗಿ ‘ಮನೆಯನ್ನು’ ಎಂದೂ, ‘ಗುರು-ಅನ್ನು’ ಎಂಬಲ್ಲಿ ವಕಾರ ಆಗಮವಾಗಿ ‘ಗುರುವನ್ನು’ ಎಂದೂ ಆಗುತ್ತದೆ. ಆದರೆ ‘ಹಾಡು-ಅನ್ನು’ ಎಂಬುದು ‘ಹಾಡನ್ನು’. ಇಲ್ಲಿ ಉಕಾರಕ್ಕೆ ಲೋಪ. ಲೋಪ ಮತ್ತು ಆಗಮ ಎಂಬ ವಿಭಾಗವನ್ನು ನಮ್ಮ ವ್ಯಾಕರಣ ಪರಂಪರೆ ಚೆನ್ನಾಗಿಯೇ ಬಲ್ಲದು. ಉಕಾರಾಂತ ಪದ ಬಂದಾಗ ಯಾವುದನ್ನು ಆರಿಸಬೇಕು ಎಂಬುದನ್ನು ಫಂಕ್ಷನ್ನಿಗೆ ಹೇಳಬೇಕಾದಾಗ ಪ್ರಶ್ನೆ ಬಿಗಿಯಾಗುತ್ತದೆ.

ಮೊದಲ ಊಹೆ: ಉಕಾರ ಯಾವಾಗಲೂ ಲೋಪವಾಗುತ್ತದೆ. ‘ಊರು’, ‘ಕಾಡು’, ‘ಕಣ್ಣು’, ‘ಹೆಸರು’ ಇವಕ್ಕೆ ಸರಿ; ‘ಗುರು’, ‘ಹಸು’, ‘ಕರು’, ‘ಮಗು’, ‘ನಡು’ ಇವಕ್ಕೆ ತಪ್ಪು. ಎರಡನೆಯ ಊಹೆ: ಪದ ಎರಡೇ ಲಘುಗಳಿಂದಾಗಿದ್ದರೆ ಉಕಾರ ಉಳಿದು ವಕಾರ ಬರುತ್ತದೆ, ಇಲ್ಲವಾದರೆ ಲೋಪವಾಗುತ್ತದೆ. ಈಗ ಮೇಲಿನ ಒಂಬತ್ತೂ ಪದಗಳು ಸರಿಯಾಗುತ್ತವೆ. ಆದರೆ ‘ವಸ್ತು’, ‘ಜಂತು’, ‘ವಾಯು’ ಕೆಡುತ್ತವೆ: ಗುರುವಿನಿಂದ ಮೊದಲಾದರೂ ಅವುಗಳ ಉಕಾರ ಉಳಿಯುತ್ತದೆ. ಇವು ಸಂಸ್ಕೃತ ಪದಗಳಾದ್ದರಿಂದ ಹೀಗೆ ಎನ್ನೋಣವೆಂದರೆ ‘ರಾಮು’, ‘ಬಾಬು’ ಎಂಬ ಕರೆಯುವ ಹೆಸರುಗಳೂ ‘ರಾಮುವನ್ನು’, ‘ಬಾಬುವನ್ನು’ ಎಂದೇ ಆಗುತ್ತವೆ. ಇತ್ತ ‘ಅದು’, ‘ಇದು’ ಎರಡೇ ಲಘುಗಳಿದ್ದರೂ ‘ಅದನ್ನು’, ‘ಇದನ್ನು’ ಎಂದಾಗುತ್ತವೆ.

ಈ ಎರಡು ಅಪವಾದಗಳು ಒಂದೇ ಜಾತಿಯವಲ್ಲ. ಸರ್ವನಾಮಗಳದ್ದು ಮುಚ್ಚಿದ ಗುಂಪು. ನಾಲ್ಕಾರು ಪದಗಳ ಪಟ್ಟಿಯನ್ನು ಫಂಕ್ಷನ್ನಿನೊಳಗೇ ಬರೆದಿಡಬಹುದು. ‘ವಸ್ತು’, ‘ರಾಮು’ಗಳದ್ದು ತೆರೆದ ಗುಂಪು, ಅಲ್ಲಿ ಉಕಾರ ಪ್ರಕೃತಿಯ ಅಂಗ, ‘ಊರು’, ‘ಹಾಡು’ಗಳಲ್ಲಾದರೋ ಅದು ವ್ಯಂಜನಾಂತ ಪ್ರಕೃತಿಯ ಉಚ್ಚಾರಣೆಗೆ ಒದಗಿದ ಆಸರೆ. ಈ ಭೇದ ಬರಹದಲ್ಲಿ ಎಲ್ಲಿಯೂ ಕಾಣಿಸದು. ವಿಭಜನೆ ಮಾಡುವವರು ‘ಊರ್-ಅನ್ನು’ ಎಂದು ಬರೆದು ಅದನ್ನು ತೋರಿಸಬಹುದು, ‘ಊರು-ಅನ್ನು’ ಎಂದು ಬರೆದು ಮುಚ್ಚಿಡಲೂಬಹುದು. ಮೊದಲಿನಂತೆ ಬರೆದರೆ ನಾಲ್ಕನೆಯ ಭಾಗದ ಚಿಕ್ಕ ಫಂಕ್ಷನ್ನೇ ಸಾಕು. ಎರಡನೆಯದರಂತೆ ಬರೆದರೆ ಪದಕೋಶವೊಂದನ್ನೇ ಜೊತೆಗಿಡಬೇಕು. ಟಿಪ್ಪಣಿ ಪುಸ್ತಕದಲ್ಲಿ ಅಭ್ಯಾಸಬಲದಿಂದ ಬರೆದ ಒಂದು ಉಕಾರವೂ ಹೀಗೆ ಸಿದ್ಧಾಂತದ ಭಾರವನ್ನು ಹೊತ್ತಿರುತ್ತದೆ.

7. ಮುಕ್ತಾಯ

ಇಲ್ಲಿ ವಿವರಿಸಿದ ಎರಡೂ ಫಂಕ್ಷನ್‌ಗಳನ್ನು ಒಟ್ಟುಗೂಡಿಸಿದರೆ ಹದಿನೈದು ಸಾಲು ದಾಟುವುದಿಲ್ಲ. ಪರಿಪೂರ್ಣ ಪದರಚನಾ ವಿಶ್ಲೇಷಕಗಳಿಗೆ ಅವು ಬದಲಿಯಲ್ಲ. ಆ ದಾರಿಯನ್ನು ಹಿಡಿಯಬೇಕಾದ ಯೋಜನೆಗಳೇ ಬೇರೆ. ಚಿಕ್ಕ ಫಂಕ್ಷನ್ನಿನ ಗುಣವೆಂದರೆ ಅದನ್ನು ಬರೆದವರೇ ಪೂರ್ತಿಯಾಗಿ ಓದಿ ತಿಳಿಯಬಲ್ಲರು, ಪರೀಕ್ಷಕರೂ ಓದಬಲ್ಲರು. ಸಂಶೋಧನಾ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟು: ಮೂಲ ಕಡತದ ಪ್ರತಿಯನ್ನು ಬೇರೆಡೆ ಇಡಿ; ಎಣಿಕೆಯ ಫಂಕ್ಷನ್ನನ್ನು ಮೊದಲು ಓಡಿಸಿ; ಹೊಂದದ ಸಾಲುಗಳನ್ನು ಕೈತಪ್ಪು, ಸಂಕೇತದ ಭೇದ, ನಿಯಮದ ಕೊರತೆ ಎಂದು ಮೂರಾಗಿ ವಿಂಗಡಿಸಿ. ಮೊದಲೆರಡನ್ನು ತಿದ್ದಿ. ಮೂರನೆಯದನ್ನು ತಿದ್ದುವ ಅವಸರ ಬೇಡ. ಅವುಗಳ ಪಟ್ಟಿ ಮಾಡಿ, ಫಂಕ್ಷನ್ನಿನ ಜೊತೆಗೆ ಪ್ರಬಂಧದ ಅನುಬಂಧದಲ್ಲಿ ಸೇರಿಸಿ. ‘ಬಸ್ಸನ್ನು’ ಮತ್ತು ‘ಕಣ್ಣನ್ನು’ ಒಂದೇ ನಿಯಮಕ್ಕೆ ಸೇರುತ್ತವೆ ಎಂದು ನಮಗೆ ಮೊದಲು ತೋರಿದ್ದು ಅಂಥದೊಂದು ಪಟ್ಟಿಯಲ್ಲಿ, ಆ ಎರಡು ಸಾಲುಗಳು ಒಂದರ ಕೆಳಗೊಂದು ಬಂದಾಗ.